ಕುರಿಯ ಹೊಟ್ಟೆಯಲ್ಲೊಂದು ಕಿಟಕಿ

ಎಲ್ಲರೂ ಮನೆ ಕಟ್ಟಿ ಆಮೇಲೆ ಸಾಮಾನು ಒಳಗೆ ತರುತ್ತಾರೆ. ನಾನು ಮೊದಲು ಮಗ್ಗ ಹೂಡಿ, ಆಮೇಲೆ ಅದರ ಸುತ್ತ ಮನೆ ಕಟ್ಟಿದೆ. ನೇಕಾರರಲ್ಲಿ ಇದು ಹೊಸ ಹುಚ್ಚೇನಲ್ಲ. ರಬಕವಿಯ ನಮ್ಮ ಹಿರಿಯರಿಗೆ ಮನೆಯೆಂದರೆ ಮಗ್ಗ ನೆನೆಯದಂತೆ ಹೊದಿಸಿದ ಹೊದಿಕೆ, ಅಷ್ಟೆ. ಮಗ್ಗದ ಉದ್ದ ನೋಡಿ ಗೋಡೆ ಎಬ್ಬಿಸುತ್ತಿದ್ದರು. ಉಳಿದ ಜಾಗದಲ್ಲಿ ಒಲೆ, ಹಾಸಿಗೆ, ದೇವರು, ಮಕ್ಕಳು ಹೇಗೋ ಹೊಂದಿಕೊಳ್ಳುತ್ತಿದ್ದರು. ಆದರೆ ಅವರು ಗೋಡೆ ಎಬ್ಬಿಸಲು ಗೌಂಡಿಯನ್ನು ಕರೆಯುತ್ತಿದ್ದರು. ನಾನು ಕರೆಯಲಿಲ್ಲ.

ಮಗ್ಗ ನನ್ನ ಹೆಂಡತಿಯದು. ಅವಳ ತಾಯಿ ನೇಯುತ್ತಿದ್ದ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವಂಥದು. ಊರ ತುಂಬ ಪಾವರ್‌ಲೂಮುಗಳು ಖಟಖಟ ಎನ್ನುವಾಗಲೂ ಅವಳು ಅದನ್ನು ಬಿಟ್ಟವಳಲ್ಲ. ನನಗೆ ನೇಯ್ಗೆ ಬರುತ್ತದೆ ಎಂದು ಹೇಳಿಕೊಳ್ಳಬಹುದು, ಯಾರೂ ಪರೀಕ್ಷೆ ಮಾಡದಿದ್ದರೆ. ನಾನು ಬನಹಟ್ಟಿಯ ಒಬ್ಬ ಬಟ್ಟೆ ವ್ಯಾಪಾರಿಯ ಹತ್ತಿರ ಸೀರೆಯ ಅಂಚಿನ ದಡಿಗೆ, ಸೆರಗಿಗೆ ಡಿಸೈನ್ ಬರೆಯುವವನು. ಮೊದಲು ಚೌಕಳಿ ಕಾಗದದ ಮೇಲೆ ಬರೆಯುತ್ತಿದ್ದೆ, ಈಗ ಕಂಪ್ಯೂಟರಿನಲ್ಲಿ. ಅಂದರೆ ನೂಲನ್ನು ಮುಟ್ಟದೆ ನೂಲಿನ ಅನ್ನ ತಿನ್ನುವವನು.

ನನಗೆ ಹುಟ್ಟಾ ಅಂಜಿಕೆ. ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಊಟಕ್ಕೆ ಕೂತರೆ ಅನ್ನದಲ್ಲಿ ಹರಳು ಇರಬಹುದೆಂಬ ಚಿಂತೆ. ಇಂಥವನು ಎರೆ ಮಣ್ಣಿನ ಮೇಲೆ, ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ನೆಲದ ಮೇಲೆ, ಸ್ವಂತ ಕೈಯಿಂದ ಕಲ್ಲಿನ ಮನೆ ಕಟ್ಟಿದರೆ ಏನಾಗಬೇಕೋ ಅದೇ ಆಯಿತು. ಮಾಳಿಗೆ ಹಾಕುವ ಹೊತ್ತಿಗೆ ಗೋಡೆಗಳ ಮೇಲೆ ನನಗೆ ನಂಬಿಕೆಯೇ ಉಳಿದಿರಲಿಲ್ಲ. ಬೇಕಾದದ್ದಕ್ಕಿಂತ ಎರಡು ಪಟ್ಟು ತೊಲೆ ಹಾಕಿದೆ. ಅದೂ ಸಾಲದೆ, ಕೆಳಗೆ ಹೇಗೂ ಗಟ್ಟಿ ಸಾಗವಾನಿ ಕಂಬ ಇವೆಯಲ್ಲ ಎಂದು ಮಗ್ಗದ ಕಂಬಗಳಿಗೇ ಮೇಲೊಂದೊಂದು ತುಂಡು ಜೋಡಿಸಿ ತೊಲೆಗೆ ಆನಿಸಿದೆ. ಪಕ್ಕದ ಮನೆಯ ವೆಲ್ಡರ್ ಕಬ್ಬಿಣದ ಪಟ್ಟಿ ಬಡಿದು ಬೋಲ್ಟ್ ಬಿಗಿದುಕೊಟ್ಟ. ಬಿಗಿಯುತ್ತ ಒಂದು ಮಾತು ಹೇಳಿದ: "ಅಣ್ಣಾ, ಇನ್ನ ಭೂಕಂಪ ಆದ್ರೂ ನಿಮ್ಮ ಮಾಳಿಗಿ ಅಳ್ಳಾಡಂಗಿಲ್ಲ. ಆದ್ರ ವೈನಿ ಮಗ್ಗ ಎಂದಾರ ತಗೀಬೇಕಂದ್ರ ಮಾಳಿಗಿ ಅವರ ಸಂಗಾಟನ ಹೋಗ್ತೈತಿ." ನಾನು ನಕ್ಕೆ. ಮಗ್ಗ ಯಾಕೆ ತೆಗೆಯುತ್ತಾಳೆ? ಮಗ್ಗಕ್ಕೆಂದೇ ಕಟ್ಟಿದ ಮನೆ ಇದು.

ಈ ವೆಲ್ಡರ್‌ನ ಮನೆಯ ಬಗ್ಗೆ ಹೇಳಿದರೆ ನಮ್ಮ ಓಣಿಯ ಬಗ್ಗೆ ಹೇಳಿದಂತೆಯೇ. ಅವನು ಸಮೀರವಾಡಿಯ ಕಡೆ ಕಬ್ಬಿನ ಟ್ರಾಲಿಗಳ ರಿಪೇರಿ ಮಾಡುತ್ತಿದ್ದವನು. ಹಳೆಯದೊಂದು ಟ್ರಾಲಿಯನ್ನು ಬೋರಲು ಹಾಕಿ ಅದನ್ನೇ ಚಾವಣಿ ಮಾಡಿಕೊಂಡಿದ್ದಾನೆ. ಮಳೆ ಬಂದರೆ ಅವನ ಮನೆಯೊಳಗೆ ಮಾತಾಡಲು ಬರುವುದಿಲ್ಲ. ಗಂಡ ಹೆಂಡತಿ ಕೈಸನ್ನೆಯಲ್ಲಿ ಜಗಳವಾಡುತ್ತಾರೆ. ಅವನ ಆಚೆಗೆ ಮುಧೋಳದ ಸಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರರು. ಅವರ ಮನೆಯ ಮೆಟ್ಟಿಲು ಹೊರಗಿನಿಂದ ಮಾಳಿಗೆಗೆ ಹತ್ತುತ್ತದೆ. ಮೇಲೆ ಒಂದು ಕುರ್ಚಿ ಬಿಟ್ಟರೆ ಏನೂ ಇಲ್ಲ. ಈಚೆಗೆ ಬೀರೇಶ್ವರನ ಭಕ್ತರಾದ ಒಂದು ಕುರುಬ ಮನೆತನ. ಆ ಮನೆಯ ಹಿರಿಯಳನ್ನು ನಾವೆಲ್ಲ ಆಯಿ ಎಂದೇ ಕರೆಯುತ್ತೇವೆ. ಕುರಿಹಟ್ಟಿಯ ಹಾಗೆ ದುಂಡಗೆ, ಬಾಗಿ ಒಳಹೋಗುವಂಥ ಮನೆ ಕಟ್ಟಿಕೊಂಡಿದ್ದಾರೆ. ಇನ್ನೂ ಕೆಲವು ಮನೆಗಳಿವೆ, ಒಂದರಂತೆ ಒಂದಿಲ್ಲ. ಜಾಗ ಹಿಂದೊಮ್ಮೆ ನೂಲಿಗೆ ಬಣ್ಣ ಹಾಕುತ್ತಿದ್ದ ಕಾರಖಾನೆಯದು. ಅದು ಮುಚ್ಚಿ ಎಷ್ಟೋ ಕಾಲವಾದರೂ ಮೊದಲ ಮಳೆಗೆ ನೆಲದಿಂದ ಇನ್ನೂ ನೇರಳೆ ನೀರು ಹರಿಯುತ್ತದೆ. ಬನಹಟ್ಟಿಯ ಆಟೋದವರಿಗೆ 'ಹುಚ್ಚರ ಪ್ಲಾಟ್' ಅಂದರೆ ಸಾಕು, ಬೇರೆ ವಿಳಾಸ ಬೇಕಿಲ್ಲ.

ಹುಚ್ಚರು ಒಟ್ಟಿಗೆ ಸೇರಿ ಈ ಜಾಗ ಕೊಂಡದ್ದು ಒಂದೇ ಆಸೆಯಿಂದ: ಯಾರೂ ಯಾರಿಗೂ ಹೀಗೇ ಕಟ್ಟು ಎನ್ನಬಾರದು. ಕೂಲಿ ಕೊಟ್ಟು ಕಟ್ಟಿಸಬಾರದು; ರವಿವಾರ ಎಲ್ಲರೂ ಒಬ್ಬರ ಮನೆಗೆ ಕೈಹಚ್ಚಬೇಕು. ಎಲ್ಲರಿಗೂ ಸಂಬಂಧಿಸಿದ ಸಂಗತಿಗೆ ಎಲ್ಲರೂ ಹೂಂ ಎನ್ನಬೇಕು. ಒಬ್ಬರು ಬೇಡ ಅಂದರೂ ಕೆಲಸ ನಿಲ್ಲಬೇಕು. ಮೊದಲ ಸಭೆಯಲ್ಲೇ ಗೋಡೆಗಳ ಬಗ್ಗೆ ತಕರಾರು ಎದ್ದಿತು. ಮಾಸ್ತರರು ಎಲ್ಲ ಮನೆಗಳ ಮೇಲೂ ಚಿತ್ರ ಬರೆಯುತ್ತೇನೆ ಎಂದರು, ಒಂದಿಬ್ಬರು ನಮ್ಮ ಗೋಡೆ ನಮಗಿರಲಿ ಎಂದರು, ದನಿ ಏರಿತು. ಜಗಳವೆಂದರೆ ನನಗೆ ಆಗದು. ಹೇಗಾದರೂ ನಿಲ್ಲಲಿ ಎಂದು ಎದ್ದು ನಿಂತು, ಬಾಯಿಗೆ ಬಂದದ್ದನ್ನು ಹೇಳಿದೆ: "ಒಳಗಿನ ಗೋಡೆ ಕಟ್ಟಿದವರದು, ಹೊರಗಿನ ಗೋಡೆ ಎಲ್ಲರದು ಅಂತ ಮಾಡಿಬಿಡೂಣ್ರಿ." ಎಲ್ಲರೂ ಚಪ್ಪಾಳೆ ಹೊಡೆದರು. ಜೀವಮಾನದಲ್ಲಿ ನನಗೆ ಬಿದ್ದ ಮೊದಲ ಚಪ್ಪಾಳೆ ಅದು. ಆ ಸದ್ದು ಎಷ್ಟು ಹಿತವಾಗಿತ್ತೆಂದರೆ, ನಾನು ಏನು ಹೇಳಿದೆ ಎಂಬುದನ್ನು ನಾನೇ ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಮಾಸ್ತರರ ಕಣ್ಣು ಬಿದ್ದದ್ದು ನಮ್ಮ ಮನೆಯ ಬಡಗಣ ಗೋಡೆಯ ಮೇಲೆ. ರಸ್ತೆಗೆ ಮುಖ ಮಾಡಿದ, ಒಂದೂ ಕಿಂಡಿಯಿಲ್ಲದ, ಉದ್ದನೆಯ ಗೋಡೆ. ಅಲ್ಲಿ ಕಿಟಕಿ ಯಾಕೆ ಬಿಟ್ಟಿರಲಿಲ್ಲವೆಂದರೆ, ಕಿಟಕಿ ಬಿಟ್ಟರೆ ಗೋಡೆ ಸಡಿಲಾಗುತ್ತದೆಂಬ ನನ್ನ ಅಂಜಿಕೆ. ಅದರ ಮೇಲೆ ಅವರು ಕುರಿಯ ಹಿಂಡು ಬರೆದರು. ಆಯಿಯ ಕುರಿಗಳನ್ನೇ ದಿನವೂ ನೋಡಿ ನೋಡಿ ಬರೆದದ್ದು. ಮೇಲೆ ಟಗರು, ಅಂಚಿಗೆ ಮರಿಗಳು, ನಟ್ಟನಡುವೆ ಒಂದು ದೊಡ್ಡ ಕರಿಕುರಿ. ನಮ್ಮೂರಿನಲ್ಲಿ ಅಂಥ ಚಿತ್ರ ಇನ್ನೊಂದಿಲ್ಲ. ಜಮಖಂಡಿಯ ಕಾಲೇಜು ಹುಡುಗರು ಗಾಡಿ ನಿಲ್ಲಿಸಿ ಫೋಟೋ ತೆಗೆದುಕೊಳ್ಳುವರು. ನಾನೂ ಕೆಲಸದಿಂದ ಬರುವಾಗ ಸುತ್ತು ಹಾಕಿ ಆ ಕಡೆಯಿಂದಲೇ ಬರುತ್ತಿದ್ದೆ.

ಆ ಗೋಡೆಯ ಹಿಂದೆ ನನ್ನ ಹೆಂಡತಿ ಕತ್ತಲಲ್ಲಿ ಕೂತು ನೇಯುತ್ತಿದ್ದಳು.

ಕತ್ತಲೆಂದರೆ ಪೂರ್ತಿ ಕತ್ತಲಲ್ಲ. ಮಗ್ಗದ ಕೋಣೆಗೆ ತೆಂಕಣ ಕಡೆ ಒಂದು ಕಿಟಕಿಯಿದೆ. ಆದರೆ ಅವಳು ಕೂರುವುದು ಬಡಗಣ ತುದಿಗೆ. ಬೆಳಕು ಮಗ್ಗದ ಆ ಕೊನೆಗೆ ಬಿದ್ದು ಅಲ್ಲಿಯೇ ಉಳಿಯುತ್ತದೆ, ಕೈತನಕ ಬರುವುದಿಲ್ಲ. ಮಗ್ಗ ತಿರುಗಿಸೋಣವೆಂದರೆ ಕೋಣೆ ಮಗ್ಗದಷ್ಟೇ ಅಗಲ. ಮಾಳಿಗೆಯಲ್ಲಿ ಬೆಳಕಿಂಡಿ ಬಿಡೋಣವೆಂದರೆ ಅವಳ ತಲೆಯ ನೇರಕ್ಕೆ ನನ್ನ ತೊಲೆಗಳು ಒತ್ತೊತ್ತಾಗಿ ಮಲಗಿವೆ. ಟ್ಯೂಬ್‌ಲೈಟ್ ಹಾಕಿಸಿದೆ. ಅದು ಹತ್ತಿದ್ದನ್ನು ನೋಡಿ ಸಮಸ್ಯೆ ಮುಗಿಯಿತೆಂದು ನಾನು ಕೈ ಒರೆಸಿಕೊಂಡೆ.

ಒಂದು ಮಧ್ಯಾಹ್ನ ವ್ಯಾಪಾರಿಯ ಅಂಗಡಿಯಿಂದ ಅವಳ ಸೀರೆ ವಾಪಸು ಬಂತು. ನಾನು ಕೆಲಸ ಮಾಡುವ ಅಂಗಡಿಯೇ. ನನ್ನ ಕೈಯಲ್ಲೇ ಕೊಟ್ಟು ಕಳಿಸಿದರು. ಅವಳು ಅದನ್ನು ಬಿಚ್ಚಿ, ಟ್ಯೂಬ್‌ಲೈಟಿನ ಕೆಳಗೆ ದಡಿಯ ಎರಡು ಕಡೆ ಬೆರಳಿಟ್ಟು ಕೇಳಿದಳು.

"ಇದ ಯಾವ ಬಣ್ಣ ಹೇಳ್ರಿ."

"ಕರೀದು."

"ಇದ?"

"ಅದೂ ಕರೀದು."

"ಹೊರಗ ಬರ್ರಿ."

ಬಿಸಿಲಲ್ಲಿ ಹಿಡಿದಾಗ ಒಂದು ಕಪ್ಪು, ಇನ್ನೊಂದು ಕಡುಹಸಿರು. ಅರ್ಧ ಸೀರೆಯ ದಡಿ ಒಂದು ಬಣ್ಣ, ಇನ್ನರ್ಧ ಇನ್ನೊಂದು. ಲಂಗ ಉಡುವ ವಯಸ್ಸಿನಿಂದ ನೇಯುತ್ತ ಬಂದವಳು. ಅವಳ ಕೈಯ ಸೀರೆ ಹಿಂದಕ್ಕೆ ಬಂದದ್ದು ನಾನು ಕಂಡಿರಲಿಲ್ಲ. ಅವಳು ಅಳಲಿಲ್ಲ. ಸೀರೆಯನ್ನು ಮಡಿಕೆಯ ಮೇಲೆ ಮಡಿಕೆ ಸರಿಯಾಗಿ ಕೂಡಿಸಿ ಮಡಿಸಿದಳು. ಅದು ಅಳುವುದಕ್ಕಿಂತ ಕೆಟ್ಟದಾಗಿತ್ತು.

"ಇನ್ನೊಂದು ಟ್ಯೂಬ್‌ಲೈಟ್…" ಎಂದೆ.

"ನಿಮ್ಮ ಟ್ಯೂಬ್‌ಲೈಟಿಗೆ ಎಲ್ಲಾ ಬಣ್ಣನೂ ಒಂದ. ಅದೂ ನಿಮ್ಮಂಗ, ಯಾರಿಗೂ ಇಲ್ಲ ಅನ್ನಂಗಿಲ್ಲ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಕೇಳ್ರಿ. ಈಗ ಮಗ್ಗದ ಮ್ಯಾಲೆ ಒಂದು ಹಾಸು ಐತಿ. ಅದು ಮುಗಿಯೂದ್ರಾಗ ನಾ ಕುಂಡ್ರೂ ಕಡೆ ಗ್ವಾಡ್ಯಾಗ ಒಂದು ಕಿಡಕಿ ಆಗಬೇಕು. ಇಲ್ಲಂದ್ರ ರಬಕವ್ಯಾಗ ನಮ್ಮ ತಮ್ಮನ ಮಗ್ಗದ ಮನಿಗೆ ಹೋಗಿ ನೇಯ್ತೇನಿ. ಇನ್ನೊಂದ ಸೀರಿ ವಾಪಸ್ ಬಂದ್ರ ನನ್ನ ಕಣ್ಣ ಹೋದುವು ಅಂತಾರ ಮಂದಿ. ಆಮ್ಯಾಲೆ ನೂಲ ಕೊಡಂಗಿಲ್ಲ ಯಾರೂ."

"ಅಲ್ಲಿ ಮತ್ತೊಬ್ಬರ ಮಗ್ಗದ ಮ್ಯಾಲೆ ಕುಂಡ್ರತೀ ಏನು?"

"ನಮ್ಮವ್ವನ ಮಗ್ಗ ನೀವು ಮಾಳಿಗಿಗಿ ಕಟ್ಟಿಹಾಕೀರಲ್ಲ."

ಹಾಸು ಎಂದರೆ ಒಂದರ ಹಿಂದೊಂದು ಕೆಲವು ಸೀರೆ ಆಗುವಷ್ಟು ಉದ್ದದ ನೂಲು. ಉರುಳೆಗೆ ಸುತ್ತಿರುತ್ತದೆ, ನೇಯ್ದಂತೆ ತೆಳ್ಳಗಾಗುತ್ತ ಹೋಗುತ್ತದೆ. ಅಂದಿನಿಂದ ಕೆಲಸ ಮುಗಿಸಿ ಬಂದವನೇ ಚಪ್ಪಲಿ ಬಿಡುವ ಮೊದಲು ಆ ಉರುಳೆ ನೋಡತೊಡಗಿದೆ.

ನಾನೊಬ್ಬನೇ ಆಗಿದ್ದರೆ, ಬೇರೆ ಊರಾಗಿದ್ದರೆ, ಸುತ್ತಿಗೆ ತಗೊಂಡು ಗೋಡೆ ಒಡೆಯಬಹುದಿತ್ತು. ಸ್ವಂತ ಮನೆ, ಸ್ವಂತ ಕೈ, ಸ್ವಂತ ಗೋಡೆ. ಆದರೆ ಕಿಟಕಿ ಒಳಗಿನಿಂದ ಹೊರಟು ಹೊರಗೆ ತೆರೆಯುವ ವಸ್ತು. ಅದರ ಒಳಗಿನ ಅರ್ಧ ನನ್ನದು, ಹೊರಗಿನ ಅರ್ಧ ಎಲ್ಲರದು. ಹಾಗಂತ ಹೇಳಿ ಚಪ್ಪಾಳೆ ಗಿಟ್ಟಿಸಿದವನು ಯಾರು ಎಂದು ಮನೆಯಲ್ಲಿ ಯಾರೂ ನನಗೆ ನೆನಪು ಮಾಡಲಿಲ್ಲ. ಅಷ್ಟರಮಟ್ಟಿಗೆ ಅವಳು ಒಳ್ಳೆಯವಳು. ಮೊದಲು ಸಭೆ ತಪ್ಪಿಸಲು ನೋಡಿದೆ. ತೆಂಕಣ ಕಿಟಕಿಯ ಹೊರಗೆ ಒಂದು ದೊಡ್ಡ ಕನ್ನಡಿ ಕಟ್ಟಿ ಬಿಸಿಲನ್ನು ಅವಳ ಕೈಯ ಮೇಲೆ ಬೀಳಿಸಲು ಹೋದೆ. ಬಿಸಿಲು ಅವಳ ಕಣ್ಣಿಗೆ ಬಿತ್ತು. "ಕುರುಡಿ ಮಾಡೇ ಬಿಡಬೇಕಂತ ಮಾಡೀರೇನು?" ಎಂದಳು. ಕನ್ನಡಿ ಇಳಿಸಿದೆ.

ರವಿವಾರ ಎಲ್ಲರೂ ಹಳೆಯ ಬಣ್ಣದ ತೊಟ್ಟಿಯ ಕಟ್ಟೆಯ ಮೇಲೆ ಕೂಡಿದಾಗ ಕೂತಲ್ಲಿಂದಲೇ ವಿಷಯ ಎತ್ತಿದೆ. ಮಾಸ್ತರರು ಕನ್ನಡಕ ತೆಗೆದು ಒರೆಸಿದರು.

"ಎಲ್ಲಿ ಕಿಡಕಿ?"

"ನಡುವ ಬರತೈತ್ರಿ. ಆಕೀ ಕೈ ನೇರಕ್ಕ."

"ಅಂದ್ರ ಕರಿಕುರಿ ಮ್ಯಾಲ."

"ಹೊಟ್ಟಿ ಹತ್ರ ಬರತೈತಿ ಅನಸ್ತದ್ರಿ."

ಅವರು ಸಿಟ್ಟಾಗಲಿಲ್ಲ. ಸಿಟ್ಟಾದರೆ ನನಗೆ ಸುಲಭವಿತ್ತು. ಮಾಫಿ ಕೇಳಿ ಮನೆಗೆ ಹೋಗುತ್ತಿದ್ದೆ. ಅವರು ಬಹಳ ಮೆತ್ತಗೆ ಹೇಳಿದರು: "ನಿಮ್ಮ ಮನಿ, ನಿಮ್ಮ ಸ್ವಾತಂತ್ರ್ಯ. ಒಪ್ಪಿದೆ. ಆದ್ರ ನನ್ನ ಸ್ವಾತಂತ್ರ್ಯ ನಿಮ್ಮ ಗ್ವಾಡಿ ಮ್ಯಾಲ ಐತಲ್ರಿ, ಏನ್ ಮಾಡೂಣು?"

ನನ್ನ ಹೆಂಡತಿ ಹೆಂಗಸರ ಸಾಲಿನಿಂದ ಎದ್ದಳು. "ಮಾಸ್ತರ, ನಿಮ್ಮ ಕುರಿ ಬಿಸಲಾಗ ಆರಾಮ ಮೇಯಾಕತ್ತಾವು. ನಾ ಅವುಗಳ ಹಿಂದ ಕತ್ತಲ್ದಾಗ ಕುಂತೇನಿ. ನನಗ ಸ್ವಾತಂತ್ರ್ಯ ಬ್ಯಾಡ, ಬೆಳಕ ಬೇಕು."

ವೆಲ್ಡರ್ ತಲೆ ಕೆರೆದುಕೊಂಡ. "ಕಿಡಕಿ ಸ್ವಲ್ಪ ಮ್ಯಾಲ ಮಾಡಿದ್ರ? ಟಗರಿನ ಕೊಂಬಿನ ಹತ್ರ?"

"ಮಾಡು. ನಾ ಮಾಳಿಗಿ ಮ್ಯಾಲ ಕುಂತು ನೇಯ್ತೇನಿ" ಎಂದಳು ಅವಳು. ಎಲ್ಲರೂ ನಕ್ಕರು. ಮಾಸ್ತರರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ಅವರು ಸೋತಿದ್ದರು, ನೋಡಿದರೆ ತಿಳಿಯುತ್ತಿತ್ತು. ಆಗ ಮೂಲೆಯಿಂದ ಆಯಿಯ ದನಿ ಬಂತು.

"ಆಗಂಗಿಲ್ಲ. ಅದು ಗಬ್ಬದ ಕುರಿ ಐತಿ."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ.

"ಆಯಿ, ಅದು ಚಿತ್ರ" ಎಂದೆ.

"ಚಿತ್ರ ಅಂತ ನನಗೂ ಗೊತ್ತೈತೋ ಯಪ್ಪಾ. ಚಿತ್ರ ಅಂದ್ರ ಹೊಟ್ಟಿ ಕೊಯ್ಯಾಕ ಬರತೈತೇನು? ನಿಮ್ಮವ್ವನ ಫೋಟೋ ಕೊಯ್ತೀಯೇನು?"

ಮಾಸ್ತರರು ಮೆಲ್ಲಗೆ, "ನಾ ಗಬ್ಬದ ಕುರಿ ಅಂತ ಬರದಿದ್ದಿಲ್ಲ ಆಯಿ. ಒಂದೀಟ ದಪ್ಪ ಬಂತು, ಅಷ್ಟ" ಎಂದರು.

"ನೀವು ಬರ್ಯೋರು. ಕುರಿ ನೋಡಿ ಹೇಳಾಕಿ ನಾನು. ಹೊಟ್ಟಿ ಎಷ್ಟು ಇಳದೈತಿ ನೋಡ್ರಿ. ಇವತ್ತ ನಾಳಿ ಈಯೂ ಕುರಿ ಅದು. ಅದರ ಹೊಟ್ಟಿಗಿ ಸುತ್ತಿಗಿ ಹಾಕಿದ್ರ ನನ್ನ ಹಿಂಡಿಗಿ ಛಲೋ ಆಗಂಗಿಲ್ಲ. ನಾ ಹೂಂ ಅನ್ನಾಕಿ ಅಲ್ಲ."

ಒಬ್ಬರು ಬೇಡ ಅಂದರೂ ನಿಲ್ಲಬೇಕು. ನಿಂತಿತು.

ನಾನೇ ಕಟ್ಟಿದ ಮನೆ, ನಾವೇ ಮಾಡಿಕೊಂಡ ರೀತಿ, ನಾವೇ ಆರಿಸಿದ ನೆರೆಹೊರೆ. ದೂರಲು ಹೊರಗಿನವರು ಒಬ್ಬರೂ ಇಲ್ಲ. ಬಾಡಿಗೆ ಮನೆಯಲ್ಲಿದ್ದಾಗ ಮಾಲೀಕನನ್ನು ಬೈಯುವ ಸುಖವಾದರೂ ಇತ್ತು. ಇಲ್ಲಿ ಬೈಯಬೇಕೆಂದರೆ ಕನ್ನಡಿ ನೋಡಬೇಕು. ಉರುಳೆ ತೆಳ್ಳಗಾಗುತ್ತಿತ್ತು. ಅವಳು ಹಟ ಹಿಡಿದಂತೆ ನೇಯುತ್ತಿದ್ದಳು, ಮೂಗು ನೂಲಿಗೆ ತಾಗುವಷ್ಟು ಬಗ್ಗಿ. ಬಣ್ಣ ಬದಲಿಸುವಾಗ ನೂಲಿನ ಲಡಿಯನ್ನು ಹಿಡಿದುಕೊಂಡು ಅಂಗಳಕ್ಕೆ ಓಡಿ ನೋಡಿ ಬರುವುದು, ಮತ್ತೆ ಕುಣಿಗೆ ಇಳಿಯುವುದು, ಮತ್ತೆ ಏಳುವುದು. ಮೊಣಕಾಲು ಬಾತವು. ಬೇಗ ಮುಗಿಯಲಿ ಎಂದು ಅವಳು ನೇಯುತ್ತಿದ್ದಾಳೋ, ಬೇಗ ಹೋಗಬೇಕೆಂದು ನೇಯುತ್ತಿದ್ದಾಳೋ ಎಂದು ನಾನು ಹೊಸ್ತಿಲಲ್ಲಿ ಕೂತು ಲೆಕ್ಕ ಹಾಕುತ್ತಿದ್ದೆ.

ಒಂದು ಸಂಜೆ ಕರೆಂಟು ಹೋಗಿದ್ದಾಗ ಆಯಿ ಯಾವುದಕ್ಕೋ ಬಂದವಳು ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಳು. ಬಿಸಿಲಿನಿಂದ ಬಂದ ಕಣ್ಣಿಗೆ ಒಳಗೆ ಏನೂ ಕಾಣಲಿಲ್ಲ. "ಎಲ್ಲಿದ್ದೀಯವ್ವಾ?" ಎಂದು ಕೇಳಿದಳು. "ಇಲ್ಲೇ ಅದೇನಿ ಆಯಿ" ಎಂದು ಕತ್ತಲು ಉತ್ತರ ಕೊಟ್ಟಿತು. ಆಯಿ ಗೋಡೆ ತಡವುತ್ತ ಹೋಗಿ ಅವಳ ಪಕ್ಕ ಕುಣಿಯ ಅಂಚಿಗೆ ಕೂತಳು. ಲಾಳಿ ಆ ಕಡೆ ಈ ಕಡೆ ಓಡುವುದನ್ನು ಕೇಳಿಸಿಕೊಳ್ಳುತ್ತ ಎಷ್ಟೋ ಹೊತ್ತು ಕೂತಿದ್ದಳು. ಎದ್ದು ಹೋಗುವಾಗ ನನ್ನ ಮುಂದೆ ನಿಂತು ಹೇಳಿದಳು:

"ಕುರಿ ಈಯಲಿ. ಈದ ಮ್ಯಾಲ ಏನಾರ ಮಾಡ್ರಿ."

"ಅಂದ್ರ?"

"ಮಾಸ್ತರಗ ಹೇಳು. ಹೊಟ್ಟಿ ಇಳಸಲಿ, ಬಾಜೂಕ ಮರಿ ಬರೀಲಿ. ಮರಿ ಹೊರಗ ಬಂದ ಮ್ಯಾಲ ಹೊಟ್ಟಿ ಖಾಲಿ ಅಲ್ಲೇನು?"

ಮಾಸ್ತರರ ಬಳಿ ಓಡಿದೆ. ಕುರಿ ಕೊಯ್ಯಲು ಒಪ್ಪಿಸುವುದಕ್ಕಿಂತ ಮರಿ ಬರೆಯಲು ಒಪ್ಪಿಸುವುದು ಬಹಳ ಸುಲಭವಾಯಿತು. ಅವರು ಅಂದೇ ಆಯಿಯ ಹಟ್ಟಿಗೆ ಹೋಗಿ, ಆಗಷ್ಟೇ ಹುಟ್ಟಿದ ಮರಿಯ ಕಾಲು ಹೇಗೆ ಮಡಿಸಿರುತ್ತದೆ ಎಂದು ನೋಡಿ ಬಂದರು. ಮರಿ ಬರೆಯುವ ದಿನ ಓಣಿಗೆ ಓಣಿಯೇ ಗೋಡೆಯ ಮುಂದೆ ನೆರೆಯಿತು. ಆಯಿಯ ಮನೆಯವರು ಡೊಳ್ಳು ತಂದರು. ಮಾಸ್ತರರು ಕಪ್ಪು ಹೊಟ್ಟೆಯ ಕೆಳಭಾಗವನ್ನು ಹುಲ್ಲಿನ ಬಣ್ಣದಿಂದ ಮುಚ್ಚಿ ಕುರಿಯನ್ನು ತೆಳ್ಳಗೆ ಮಾಡಿದರು. ಆಮೇಲೆ ಅದರ ಮೂತಿಯ ಹತ್ತಿರ ಒದ್ದೆ ಒದ್ದೆಯಾದ ಒಂದು ಮರಿ ಮೂಡಿತು. ಆಯಿ ಭಂಡಾರದ ಅರಿಸಿನ ಎರಚಿದಳು. ಎಲ್ಲರ ಕೈಗೂ ಬೆಲ್ಲ ಬಂತು. ಗೋಡೆಯ ಮೇಲಿನ ಬಾಣಂತಿಗೆ ಬೆಲ್ಲ ತಿನ್ನುತ್ತ ನಿಂತ ನನ್ನನ್ನು ರಸ್ತೆಯಲ್ಲಿ ಹೋಗುತ್ತಿದ್ದ ನಮ್ಮ ವ್ಯಾಪಾರಿ ಕಾರಿನಿಂದ ಇಣುಕಿ ನೋಡಿದ. ಮರುದಿನ ಅಂಗಡಿಯಲ್ಲಿ, "ಮರಿ ಆರಾಮ ಐತಿಲ್ಲೋ?" ಎಂದು ಕೇಳಿದ. ಆರಾಮ ಐತ್ರಿ ಎಂದೆ.

ಮುಂದಿನ ರವಿವಾರ ಕಿಟಕಿ ಕೊರೆದೆವು. ವೆಲ್ಡರ್ ಕಬ್ಬಿಣದ ಚೌಕಟ್ಟು ಮಾಡಿ ತಂದಿದ್ದ. ನಾನು ಒಳಗಿನಿಂದ, ಅವನು ಹೊರಗಿನಿಂದ. ಕಲ್ಲೊಂದು ಸಡಿಲಾದಾಗ ನಾನು ಮಾಳಿಗೆ ನೋಡಿದೆ, ಹೆಂಡತಿ ಕಲ್ಲು ನೋಡಿದಳು. ಕಲ್ಲು ಹೊರಕ್ಕೆ ಬಿತ್ತು. ಬಡಗಣ ಬೆಳಕು, ಬಿಸಿಲಿಲ್ಲದ ತಂಪು ಬೆಳಕು, ನೇರ ಬಂದು ಮಗ್ಗದ ಮೇಲೆ ಕೂತಿತು. ಅವಳು ಧೂಳನ್ನೂ ಒರೆಸದೆ ಕುಣಿಗೆ ಇಳಿದು ನಾಲ್ಕೈದು ಎಳೆ ನೇಯ್ದು, ದಡಿಯ ಮೇಲೆ ಬೆರಳಾಡಿಸಿದಳು.

"ಎಷ್ಟು ಹಸರು ಐತ್ರಿ ಇದು" ಎಂದಳು.

ಅಷ್ಟೇ. ಆದರೆ ಆ ವಾರ ಅವಳು ಮಗ್ಗದ ಮೇಲಿಂದಲೇ ಚಹಾ ಕೇಳಿದಳು, ನನ್ನ ಡಿಸೈನುಗಳ ಬಗ್ಗೆ ಟೀಕೆ ಮಾಡಿದಳು, ಒಮ್ಮೆ ಹಾಡಿದಳು ಕೂಡ. ಮನೆ ಕಟ್ಟಿದ್ದು ಸಾರ್ಥಕವಾಯಿತೆಂದು ನನಗೆ ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ಅಂಜಿಕೆಯೂ ಆಯಿತು.

ಅಂಜಿಕೆ ಮೊಬೈಲ್ ಹಿಡಿದುಕೊಂಡು ಬಂತು. ಈ ಮೊದಲೂ ಜನ ಕುರಿಗಳ ಫೋಟೋ ತೆಗೆಯುತ್ತಿದ್ದರು. ಈಗ ಕುರಿಯ ಹೊಟ್ಟೆಯೊಳಗೆ ಒಬ್ಬ ಹೆಂಗಸು ಕೂತು ಸೀರೆ ನೇಯುತ್ತಾಳೆ ಎಂಬ ಸುದ್ದಿ ಯಾರೋ ಮಾಡಿದ ವಿಡಿಯೋದಿಂದ ಹಬ್ಬಿತು. ಜಮಖಂಡಿಯಿಂದ ಬಂದರು, ಬೀಳಗಿಯಿಂದ ಬಂದರು. ಮದುವೆಗೆ ಮೊದಲು ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಬಂದವು. ಕಿಟಕಿಯಲ್ಲಿ ತಲೆಗಳು ತುಂಬಿದವು.

"ಅಕ್ಕಾರ, ಒಂದ ಸಲ ಮ್ಯಾಲ ನೋಡ್ರಿ."

"ಲಾಳಿ ಇನ್ನೊಮ್ಮೆ ಒಗೀರಿ, ವಿಡಿಯೋ ಬರಲಿಲ್ಲ."

"ನಗ್ರೆಲಾ ಒಂದೀಟು."

ಒಬ್ಬ ಅಜ್ಜ ಮೊಮ್ಮಗನನ್ನು ಎತ್ತಿ ಕಿಟಕಿಯಲ್ಲಿ ಕೂರಿಸಿ, "ನೋಡೋ, ಕುರಿ ಹೊಟ್ಯಾಗ ಅವ್ವಾ" ಎಂದು ತೋರಿಸಿದ. ಅವಳು ಮೊದಮೊದಲು ತಲೆ ಎತ್ತದೆ ನೇಯ್ದಳು. ಆಮೇಲೆ ಸರೀರಿ ಸರೀರಿ ಎನ್ನತೊಡಗಿದಳು. ಅವರು ಸರಿದರೆ ಇನ್ನೊಬ್ಬರು ಬರುತ್ತಿದ್ದರು. ನಾನು ಹೊರಗೆ ಹೋಗಿ ಕೈಮುಗಿದು ಬೇಡಿಕೊಂಡೆ. ಒಬ್ಬ ತರುಣ ಬಹಳ ಮರ್ಯಾದೆಯಿಂದ, "ಕಾಕಾ, ಹೊರಗಿನ ಗ್ವಾಡಿ ಎಲ್ಲಾರದೂ ಅಂತ ಮಾಸ್ತರ್ ಹೇಳಿದ್ರಲ್ರಿ" ಎಂದ. ಮಾಸ್ತರರು ಆಗ ಮೆಟ್ಟಿಲ ಮೇಲೆ ನಿಂತು ಬಂದವರಿಗೆಲ್ಲ ನಮ್ಮ ಓಣಿಯ ಕಥೆ ಹೇಳುತ್ತಿದ್ದರು. ಅಷ್ಟು ವರ್ಷ ಸಾಲೆಯಲ್ಲಿ ಯಾರೂ ಕೇಳದ ಅವರ ಮಾತನ್ನು ಈಗ ಜನ ನಿಂತು ಕೇಳುತ್ತಿದ್ದರು. ಅವರ ಮುಖದಲ್ಲಿದ್ದ ಬೆಳಕು ನೋಡಿ ನಾನು ಒಳಗೆ ಬಂದುಬಿಟ್ಟೆ.

ಅವಳು ಕಿಟಕಿಗೆ ಕೌದಿ ಕಟ್ಟಿದಳು. ಹಳೆಯ ಸೀರೆ ತುಂಡುಗಳಿಂದ ತಾನೇ ಹೊಲಿದ ದಪ್ಪನೆಯ ಕೌದಿ. ಕೋಣೆ ಮತ್ತೆ ಕತ್ತಲಾಯಿತು. ಟ್ಯೂಬ್‌ಲೈಟ್ ಮತ್ತೆ ಹತ್ತಿತು. ಹೊರಗೆ ಬಂದವರು ಕೌದಿಯ ಹೊಟ್ಟೆಯ ಕುರಿಯ ಫೋಟೋ ತೆಗೆದುಕೊಂಡು ಹೋದರು. ಅದೂ ಚೆನ್ನಾಗಿದೆ ಎಂದರಂತೆ.

ನಾನು ಸಭೆ ಕರೆಯುತ್ತೇನೆ ಎಂದೆ. ಉರುಳೆಯ ಮೇಲೆ ಕಟ್ಟಿಗೆ ಕಾಣುವಷ್ಟು ಮಾತ್ರ ನೂಲು ಉಳಿದಿತ್ತು. ಆ ರವಿವಾರ ಮಾಸ್ತರರ ಮನೆಗೆ ಎಲ್ಲಿಂದಲೋ ಚಿತ್ರಕಾರರು ಬಂದಿದ್ದರಿಂದ ಸಭೆ ಆಗಲಿಲ್ಲ. ಮುಂದಿನದಕ್ಕೆ ವೆಲ್ಡರ್ ಊರಲ್ಲಿರಲಿಲ್ಲ. ಅವನಿಲ್ಲದೆ ಎಲ್ಲರೂ ಎಂದು ಹೇಗೆ ಅನ್ನುವುದು? ಅಷ್ಟರಲ್ಲಿ ಹಾಸು ಮುಗಿಯಿತು. ಅವಳು ಕೊನೆಯ ಸೀರೆ ಕತ್ತರಿಸಿ ತೆಗೆದು, ಅಂಗಳದ ಬೆಳಕಿನಲ್ಲಿ ಎರಡೂ ದಡಿ ನೋಡಿ, ಸರಿಯಿದೆಯೆಂದು ಖಾತ್ರಿ ಮಾಡಿಕೊಂಡಳು. ಮರುದಿನ ಬೆಳಿಗ್ಗೆ ಆಟೋ ಹತ್ತಿ ರಬಕವಿಗೆ ಹೋದಳು. ಸಂಜೆ ಬಂದಳು. ಜಗಳವಿಲ್ಲ, ಗಂಟುಮೂಟೆಯಿಲ್ಲ. ಕೆಲಸಕ್ಕೆ ಹೋಗಿ ಬರುವವರ ಹಾಗೆ.

ಒಂದು ದಿನ ಅಲ್ಲಿಗೆ ಹೋಗಿದ್ದೆ. ಅವಳ ತಮ್ಮನ ಮಗ್ಗದ ಮನೆ ಆ ಓಣಿಯ ಎಲ್ಲ ಮನೆಗಳ ಹಾಗೇ ಇದೆ: ಗೌಂಡಿ ಕಟ್ಟಿದ ನೇರ ಗೋಡೆ, ಸಾಲಾಗಿ ಕಿಟಕಿ, ಸುಣ್ಣ. ಹೊರಗೆ ಒಂದು ಚಿತ್ರವಿಲ್ಲ, ಒಬ್ಬರೂ ನಿಂತು ನೋಡುವವರಿಲ್ಲ. ಒಳಗೆ ಹೆಂಗಸರು ಸಾಲಾಗಿ ಕೂತು ನೇಯುತ್ತಿದ್ದರು, ನಡುನಡುವೆ ಒಬ್ಬರ ಕಾಲು ಒಬ್ಬರು ಎಳೆಯುತ್ತ. ನನ್ನ ಹೆಂಡತಿ ನಗುತ್ತಿದ್ದಳು. ನನ್ನ ಬಗ್ಗೆಯೇ ಇರಬೇಕು. ನಾನು ಕಂಡ ಕೂಡಲೇ ಎಲ್ಲರೂ ಬಾಯಿ ಮುಚ್ಚಿದರು. ಅವಳ ತಮ್ಮ, "ಬರ್ರಿ ಮಾಮಾರ, ಹುಚ್ಚರ ಪ್ಲಾಟಿನ ಸಮಾಚಾರ ಏನು?" ಎಂದು ಚಹಾ ತರಿಸಿದ. ನಾನು ಆ ಗೋಡೆಗಳಲ್ಲಿ ಬಿರುಕು ಹುಡುಕಿದೆ. ಸಿಗಲಿಲ್ಲ.

ಕೊನೆಗೂ ಸಭೆ ಆಯಿತು. ನಾನು ಜೀವಮಾನದಲ್ಲಿ ಎರಡನೇ ಸಲ ಎದ್ದು ನಿಂತೆ. ಕಿಟಕಿಯ ಮುಂದಿನ ಜಾಗ ಅವಳದು, ಅವಳು ಮಗ್ಗದ ಮೇಲಿರುವಾಗ ಯಾರೂ ಅಲ್ಲಿ ನಿಲ್ಲಬಾರದು, ಬಂದವರು ಚಿತ್ರವನ್ನು ರಸ್ತೆಯ ಆ ಕಡೆಯಿಂದ ನೋಡಲಿ ಎಂದೆ. ಚಪ್ಪಾಳೆ ಬೀಳಲಿಲ್ಲ. ಮಾಸ್ತರರು ಕನ್ನಡಕ ಒರೆಸಿಕೊಂಡು, "ಆತು" ಎಂದರು. ಆಯಿ, "ಬಾಣಂತಿ ಖೋಲ್ಯಾಗ ಮಂದಿ ಇಣಕಬಾರದು, ನಾ ಮೊದಲ ಹೇಳಬೇಕಿತ್ತು" ಎಂದಳು. ಎಲ್ಲರೂ ಹೂಂ ಎಂದರು. ವೆಲ್ಡರ್ ಅದೇ ಸಂಜೆ ಕಿಟಕಿಯ ಮುಂದೆ, ಮಾರು ದೂರದಲ್ಲಿ, ಕಬ್ಬಿಣದ ಅಡ್ಡಗಂಬಿ ನೆಟ್ಟ.

ಕೌದಿ ಬಿಚ್ಚಿ, ಕೋಣೆ ಗುಡಿಸಿ, ಅವಳು ಆಟೋದಿಂದ ಇಳಿಯುವುದನ್ನೇ ಕಾಯುತ್ತಿದ್ದೆ. ಕೈಕಾಲು ತೊಳೆಯಲೂ ಬಿಡದೆ ಎಲ್ಲ ಹೇಳಿದೆ. ಅವಳು ಮಗ್ಗದ ಕೋಣೆಗೆ ಹೋಗಿ, ಕಿಟಕಿಯಿಂದ ಹೊರಗೆ ನೋಡಿದಳು. ಗಂಬಿಯ ಆಚೆ ರಸ್ತೆ, ರಸ್ತೆಯ ಆಚೆ ಕಬ್ಬು. ಕಣ್ಣಿಗೆ ಅಡ್ಡ ಯಾರೂ ಇರಲಿಲ್ಲ.

"ಛಲೋ ಮಾಡೀರಿ" ಎಂದಳು. ಮನಸ್ಸಿನಿಂದಲೇ ಅಂದಳು.

"ಹಂಗಾದ್ರ ನಾಳಿಂದ ಇಲ್ಲೇ?"

"ನಾಳಿ ಹೆಂಗ ಆಕ್ಕೈತ್ರಿ? ಅಲ್ಲಿ ಹಾಸು ಹೂಡೇನಿ."

ಹೂಡಿದ ಹಾಸನ್ನು ನಡುವೆ ಬಿಟ್ಟು ಏಳುವ ನೇಕಾರಳಿಲ್ಲ, ಅದು ನನಗೂ ಗೊತ್ತು. "ಅದು ಮುಗಿದ ಮ್ಯಾಲೆ?" ಎಂದೆ.

ಅವಳು ಕಿಟಕಿಯ ಚೌಕಟ್ಟಿನ ಧೂಳನ್ನು ಸೆರಗಿನಿಂದ ಒರೆಸಿದಳು. "ಮುಗೀಲಿ" ಎಂದಳು. ಅವಳು ಹೂಂ ಎನ್ನುವಾಗ ಹೂಂ ಎನ್ನುತ್ತಾಳೆ. ಇದು ಅದಲ್ಲ.

ಮರುದಿನ ಬೆಳಿಗ್ಗೆ ನಾನೇ ಬೇಗ ಎದ್ದು ಬದನೆಕಾಯಿ ಪಲ್ಯ ಮಾಡಿ, ರಾತ್ರಿಯ ರೊಟ್ಟಿಯೊಂದಿಗೆ ಡಬ್ಬಿ ಕಟ್ಟಿದೆ. ಅವಳು ಮುಚ್ಚಳ ತೆಗೆದು ನೋಡಿ, ಹುಬ್ಬೇರಿಸಿದಳು.

"ಉಪ್ಪು ಹಾಕೀರೇನು?"

"ಹಾಕೇನಿ ಅನಸ್ತೈತಿ."

ಆಟೋದವನು ಹಾರ್ನ್ ಹೊಡೆದ. ಅವಳು ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೋದಳು. ನಾನು ಒಳಗೆ ಬಂದು, ಪಾತ್ರೆಯ ತಳದಲ್ಲಿ ಉಳಿದಿದ್ದ ಪಲ್ಯವನ್ನು ಬೆರಳಿಂದ ತೆಗೆದು ನೋಡಿದೆ. ಉಪ್ಪು ಇರಲಿಲ್ಲ. ಹೊರಗೆ ಓಡಿ ಬಂದೆ. ಆಟೋ ಆಗಲೇ ರಬಕವಿಯ ರಸ್ತೆಗೆ ತಿರುಗಿತ್ತು.